ಜೂನ್ ಮಳೆ ಇಲ್ಲದ ಊರಲ್ಲಿ ಕಥೆ ಹೇಗೆ ಬರೆಯಲಿ?

ಪ್ರಶ್ನೆ: ನಾನು ಶ್ರೀನಿವಾಸಪುರ ತಾಲ್ಲೂಕಿನವಳು. ಎರಡು ವರ್ಷದಿಂದ ಕಥೆ ಬರೆಯುತ್ತಿದ್ದೇನೆ. ಓದಿದ ಕಥೆಗಳಲ್ಲೆಲ್ಲ ಮಲೆನಾಡಿನ ಮಳೆ, ಹೊಳೆ, ಅಡಿಕೆ ತೋಟ. ನಮ್ಮಲ್ಲಿ ಇರುವುದು ಬಂಡೆ, ನೀಲಗಿರಿ, ಬೋರ್‌ವೆಲ್. ಈಚೆಗೆ ಜೂನ್ ತಿಂಗಳ ಜಡಿಮಳೆಯಿಂದ ಶುರುವಾಗುವ ಕಥೆಯೊಂದನ್ನು ಬರೆದು ತಾತನಿಗೆ ಓದಿ ಹೇಳಿದೆ. ‘ಇದು ಯಾವೂರಮ್ಮಾ?’ ಎಂದು ನಕ್ಕುಬಿಟ್ಟರು. ಇಂಥ ಒಣ ಊರನ್ನು ಇಟ್ಟುಕೊಂಡು ಏನು ಬರೆಯಲಿ?

ಉತ್ತರ: ನಿಮ್ಮ ತಾತ ಒಳ್ಳೆಯ ವಿಮರ್ಶಕರು. ಮುಂದಿನ ಕಥೆಯನ್ನೂ ಮೊದಲು ಅವರಿಗೇ ಓದಿ.

ಕೋಲಾರದ ಕಡೆ ಜೂನ್‌ನಲ್ಲಿ ಮೋಡ ಬರುತ್ತದೆ, ಗಾಳಿ ಬರುತ್ತದೆ, ನಾಲ್ಕು ಹನಿ ಉದುರಿಸಿ ಮುಂದಕ್ಕೆ ಹೋಗುತ್ತದೆ. ಮುಂಗಾರಿನ ಮೋಡ ಹೊತ್ತು ತಂದಿದ್ದನ್ನು ಪಶ್ಚಿಮ ಘಟ್ಟದಲ್ಲೇ ಬಹುಪಾಲು ಇಳಿಸಿ ಬಂದಿರುತ್ತದಲ್ಲ. ನಮಗೆ ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಸಿಡಿಲಿನ ಒಂದಿಷ್ಟು ಮಳೆ. ಜಾಸ್ತಿ ಮಳೆಯೆಲ್ಲ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ತುಮಕೂರು, ಚಿಕ್ಕಬಳ್ಳಾಪುರದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ನಿಮ್ಮ ಕಥೆಯ ಜಡಿಮಳೆ ಬೇರೆ ಜಿಲ್ಲೆಯಿಂದ ಕಡ ತಂದದ್ದು. ತಾತನಿಗೆ ಅದು ಗೊತ್ತಾಗಿಬಿಟ್ಟಿತು.

ನಮ್ಮ ಹಿರಿಯರು ವಸಂತ, ಗ್ರೀಷ್ಮ ಅಂತ ಲೆಕ್ಕ ಇಟ್ಟವರಲ್ಲ. ಅವರದು ಮಳೆ ನಕ್ಷತ್ರದ ಲೆಕ್ಕ. ಹದಿಮೂರು, ಹದಿನಾಲ್ಕು ದಿನಕ್ಕೊಂದು ಮಳೆ. ಏಪ್ರಿಲ್ ಕೊನೆಗೆ ಭರಣಿ, ಆಗಸ್ಟ್ ನಡುವೆ ಮಘೆ, ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರ್ ಕೊನೆಗೆ ಸ್ವಾತಿ. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎಂಬ ಗಾದೆ ಕೇಳಿರುತ್ತೀರಿ. ಆ ಗಾದೆಯಲ್ಲಿ ಮಳೆಯ ವರ್ಣನೆ ಒಂದಕ್ಷರವೂ ಇಲ್ಲ. ಮಳೆ ಸೀದಾ ಮನೆಯೊಳಗೆ ಬಂದು ತಟ್ಟೆಯ ಪಕ್ಕ ಕೂತಿದೆ. ಕಾಲವನ್ನು ಕಥೆಗೆ ತರಬೇಕಾದದ್ದು ಹೀಗೆ. ಆ ಕಾಲ ಯಾರ ಕೈಗೆ ಯಾವ ಕೆಲಸ ಕೊಡುತ್ತದೆ, ಯಾರ ನಿದ್ದೆ ಕೆಡಿಸುತ್ತದೆ, ಯಾರ ಸಾಲ ತೀರಿಸುತ್ತದೆ ಎಂದು ನೋಡಿ.

ನೀವು ಇರುವುದೇ ಮಾವಿನ ತಾಲ್ಲೂಕಿನಲ್ಲಿ. ಡಿಸೆಂಬರ್, ಜನವರಿಯಲ್ಲಿ ಮರ ಹೂ ಬಿಡುತ್ತದೆ. ಕವಿಗಳಿಗೆ ಅಲ್ಲಿ ಕೋಗಿಲೆ ಕೇಳಿಸುತ್ತದೆ, ಇರಲಿ. ತೋಟದವನಿಗೆ ಅದು ವ್ಯಾಪಾರಿ ಬರುವ ಹೊತ್ತು. ಹೂವು, ಪಿಂದೆ ನೋಡಿಯೇ ಫಸಲನ್ನು ಗುತ್ತಿಗೆಗೆ ಮಾತಾಡಿ ಮುಂಗಡ ಕೊಡುವುದುಂಟು. ಆಮೇಲೆ ಜಿಗಿ ಹುಳು ಬಿದ್ದರೆ, ಏಪ್ರಿಲ್‌ನಲ್ಲಿ ಆಲಿಕಲ್ಲು ಬಿದ್ದರೆ, ನಷ್ಟ ಯಾರದು? ಕಥೆ ಇರುವುದು ಅಲ್ಲಿ. ಸುಮ್ನೆ ಒಂದು ತುಣುಕು ಬರೆದು ತೋರಿಸುತ್ತೇನೆ:

‘ರಾತ್ರಿ ಒಂದು ಗಂಟೆಗೆ ಗಾಳಿ ಎದ್ದಿತು. ಗುಡಿಸಲಿನ ಟಾರ್ಪಾಲು ಪಟಪಟ ಬಡಿದುಕೊಂಡಿತು. ಕಾವಲಿನವನು ಟಾರ್ಚ್ ಹಾಕಲಿಲ್ಲ. ಮಲಗಿದ್ದಲ್ಲೇ ಎಣಿಸತೊಡಗಿದ. ದಬ್. ದಬ್. ಇಪ್ಪತ್ತರವರೆಗೆ ಎಣಿಸಿ ಬಿಟ್ಟುಬಿಟ್ಟ. ಊರೊಳಗೆ ತೋಟದ ಯಜಮಾನ ಮಗ್ಗುಲು ಬದಲಿಸಿ, ಸದ್ಯ ಸೆಕೆ ಹೋಯಿತು ಎಂದು ಹೊದಿಕೆ ಎಳೆದುಕೊಂಡ.’

ಇಲ್ಲಿ ಏಪ್ರಿಲ್ ಅಂತ ಎಲ್ಲೂ ಬರೆದಿಲ್ಲ. ಕಾರ್ಮೋಡವೂ ಇಲ್ಲ. ಆದರೆ ಒಂದೇ ಗಾಳಿ ಇಬ್ಬರಿಗೆ ಎರಡು ಥರ ಬೀಸಿದೆ. ಫಸಲು ಕೊಟ್ಟು ದುಡ್ಡು ಎಣಿಸಿಕೊಂಡವನಿಗೆ ಅದು ತಂಪು. ಬೆಳಿಗ್ಗೆ ಆ ಕಾಯಿ ಆರಿಸಲು ಊರ ಮಕ್ಕಳು ಚೀಲ ಹಿಡಿದು ಬರುತ್ತಾರೆ. ಕಾವಲಿನವನು ಅವರನ್ನು ಬೈದು ಓಡಿಸುತ್ತಾನೋ, ಬಿಡುತ್ತಾನೋ? ಅದು ನೀವು ಬರೆಯಬೇಕಾದ್ದು.

ಒಣ ಊರು ಅಂದಿರಿ. ಬೋರ್ ಕೊರೆಯುವ ರಾತ್ರಿ ಹೊಲದಲ್ಲಿ ನಿಂತಿದ್ದೀರಾ? ಮೈ, ತಲೆ, ಪಕ್ಕದ ಹಿಪ್ಪುನೇರಳೆ ಎಲೆ, ಎಲ್ಲದರ ಮೇಲೂ ಕಲ್ಲಿನ ಬೂದಿಯಂಥ ಪುಡಿ. ದುಡ್ಡು ಅಡಿ ಲೆಕ್ಕದಲ್ಲಿ ಏರುತ್ತಿರುತ್ತದೆ. ಸಾವಿರ ಅಡಿ ದಾಟಿದ ಮೇಲೆ ಮನೆಯವರು ಯಾರೂ ಮಾತಾಡುವುದಿಲ್ಲ. ಎಲ್ಲರ ಕಣ್ಣೂ ಆ ಪುಡಿಯ ಮೇಲೆ. ಒಣಗಿದ್ದದ್ದು ಸ್ವಲ್ಪ ಒದ್ದೆಯಾದರೆ ಸಾಕು, ಹೆಂಗಸರು ಊದುಬತ್ತಿ ಹುಡುಕುತ್ತಾರೆ. ಇಷ್ಟು ಬಿಗಿಯಾದ ಜಾಗವನ್ನು ಕೈಯಲ್ಲಿಟ್ಟುಕೊಂಡು ನೀವು ಹೊಳೆ ಇಲ್ಲ ಅಂತ ಕೊರಗುತ್ತಿದ್ದೀರಿ, ಅಲ್ವಾ?

ಒಂದು ಎಚ್ಚರಿಕೆ. ಕಾಲದ ಲೆಕ್ಕ ತಪ್ಪಬೇಡಿ. ನನ್ನ ಮೊದಮೊದಲ ಕಥೆಯೊಂದರಲ್ಲಿ ದೀಪಾವಳಿ ರಾತ್ರಿ ನಾಯಕ, ನಾಯಕಿ ಬೆಳದಿಂಗಳಲ್ಲಿ ಕೆರೆ ಏರಿ ಮೇಲೆ ನಡೆದುಹೋಗುತ್ತಾರೆ. ಸಂಪಾದಕರು ಕಥೆ ವಾಪಸ್ ಕಳಿಸಿದ್ದರು. ಅಂಚಿನಲ್ಲಿ ಒಂದೇ ಸಾಲು: ‘ಅಮಾವಾಸ್ಯೆಗೆ ಚಂದ್ರನನ್ನು ಎಲ್ಲಿಂದ ತಂದಿರಿ?’ ಆವತ್ತಿನಿಂದ ಮೇಜಿನ ಪಕ್ಕ ಗೋಡೆ ಕ್ಯಾಲೆಂಡರ್ ನೇತುಹಾಕಿದ್ದೇನೆ. ದಿನಕ್ಕೊಂದು ಸಾಲು ಅದರಲ್ಲೇ ಗೀಚುತ್ತೇನೆ. ಹೊಂಗೆ ಹೂ ರಸ್ತೆಗೆ ಉದುರಿದ ದಿನ, ಸಂತೆಗೆ ಮೊದಲ ಅವರೆಕಾಯಿ ಬಂದ ದಿನ, ರಾಗಿ ತೆನೆಯನ್ನು ಟಾರು ರಸ್ತೆ ಮೇಲೆ ಹರಡಿ ಬಸ್ಸು ಹಾಯಿಸಿಕೊಂಡ ದಿನ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಇವು ಸಿಗುವುದಿಲ್ಲ.

ಪ್ರಶ್ನೆ: ತಿಪಟೂರು ಹತ್ತಿರದ ಹಳ್ಳಿ ನನ್ನದು. ಕಥೆಯ ಮೊದಲ ಪುಟ ಪೂರ್ತಿ ಊರಿನ ವರ್ಣನೆ ಬರೆಯುತ್ತೇನೆ. ಗೆಳೆಯರು ಬೋರು ಅನ್ನುತ್ತಾರೆ. ವರ್ಣನೆ ಎಷ್ಟಿರಬೇಕು?

ಉತ್ತರ: ಗೆಳೆಯರ ಮಾತು ಕೇಳಿ. ಆ ಪುಟವನ್ನು ಹರಿಯಬೇಡಿ, ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಿ. ಅದು ನಿಮಗಾಗಿ ಬರೆದುಕೊಂಡದ್ದು. ಓದುಗನಿಗೆ ಅದರಲ್ಲಿ ಒಂದು ವಸ್ತು ಸಾಕು. ಆ ವಸ್ತು ಯಾರದಾದರೂ ಕೈಯಲ್ಲಿರಬೇಕು.

ನಿಮ್ಮೂರಿನದೇ ಉದಾಹರಣೆ. ಉಂಡೆ ಕೊಬ್ಬರಿಗೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಕಾಯುತ್ತಾರೆ. ಒಳಗಿನ ನೀರು ತಾನಾಗೇ ಆರಬೇಕು. ಆಗಾಗ ಒಂದು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಗುಳುಗುಳು ಎಂದರೆ ಇನ್ನೂ ನೀರಿದೆ. ಲೊಡಲೊಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ. ಈಗ ಒಬ್ಬ ಅಪ್ಪ, ಮಗಳ ಕಾಲೇಜು ಫೀಸು ಕಟ್ಟುವ ವಾರದಲ್ಲಿ ಅಟ್ಟ ಹತ್ತಿ ಕಾಯಿ ಅಲ್ಲಾಡಿಸುತ್ತಾನೆ ಅಂದುಕೊಳ್ಳಿ. ಗುಳುಗುಳು. ಕೆಳಗೆ ಮಗಳು ಏಣಿ ಹಿಡಿದು ನಿಂತಿದ್ದಾಳೆ. ಅವಳಿಗೂ ಆ ಸದ್ದು ಕೇಳಿಸಿದೆ. ಊರು, ಕಾಲ, ಬಡತನ ಮೂರೂ ಬಂದುಬಿಟ್ಟವು. ನಿಮ್ಮ ಮೊದಲ ಪುಟದ ತೆಂಗಿನ ಸಾಲು, ಸೂರ್ಯೋದಯ ಯಾವುದೂ ಬೇಕಾಗಲಿಲ್ಲ.

ಪ್ರಶ್ನೆ: ನಾನು ಕೆಜಿಎಫ್‌ನವನು. ನಮ್ಮಲ್ಲಿ ಬೆಳೆ, ಕೊಯ್ಲು ಏನೂ ಇಲ್ಲ. ಎಲ್ಲಿ ನೋಡಿದರೂ ಸೈನೈಡ್ ದಿಬ್ಬ, ಗಣಿಯ ಅದಿರಿನಿಂದ ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡೆ. ಅದನ್ನೇ ಎಲ್ಲರೂ ಬರೆದಿದ್ದಾರೆ.

ಉತ್ತರ: ದಿಬ್ಬವನ್ನು ಎಲ್ಲರೂ ಫೋಟೊದಂತೆ ಬರೆದಿದ್ದಾರೆ. ಆಷಾಢದ ಗಾಳಿಗೆ ಆ ಪುಡಿ ಒಗೆದ ಬಟ್ಟೆ ಮೇಲೆ ಕೂರುವುದನ್ನು, ಅಮ್ಮ ಬಟ್ಟೆ ಒಣಗಿಸುವ ಹೊತ್ತು ಬದಲಿಸುವುದನ್ನು ಬರೆದವರು ಕಡಿಮೆ. ಆದರೂ ಸದ್ಯಕ್ಕೆ ಅದನ್ನು ಬಿಡಿ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಈಗ ನಿಮ್ಮೂರಿನ ಎಷ್ಟೋ ಜನ ದಿನಾ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಲ್ಲಿ ಋತು ಇಲ್ಲ ಅಂದವರು ಯಾರು? ಆರು ಗಂಟೆಗೆ ಪ್ಲಾಟ್‌ಫಾರಂ ಮೇಲೆ ನಿಂತರೆ ಜೂನ್‌ನಲ್ಲಿ ಬೆಳಕು ಹರಿದಿರುತ್ತದೆ, ಎದುರಿನವರ ಶರಟಿನ ಗುಂಡಿ ಕೂಡ ಕಾಣುತ್ತದೆ. ಜನವರಿಯಲ್ಲಿ ಅದೇ ಆರು ಗಂಟೆಗೆ ಕತ್ತಲು. ಯಾರು ಬಂದರು ಎಂದು ಕೆಮ್ಮಿನಿಂದಲೇ ಗುರುತು ಹಿಡಿಯಬೇಕು. ಒಂದು ಜನವರಿ ಬೆಳಿಗ್ಗೆ ಆ ಕೆಮ್ಮುಗಳಲ್ಲಿ ಒಂದು ಕೇಳಿಸದಿದ್ದರೆ? ಅಲ್ಲಿಂದ ಶುರು ಮಾಡಿ. ರೈಲು ಹೊರಡುವ ತನಕ ದಿಬ್ಬದ ಮಾತು ಎತ್ತಬೇಡಿ. ಆಮೇಲೆ ಬೇಕಿದ್ದರೆ ಕಿಟಕಿಯಲ್ಲಿ ಒಮ್ಮೆ ಹಾದುಹೋಗಲಿ.