ಏಜೆಂಟ್ ಹೇಳಿದ ಸಾಲಿಸಿಟರನ್ನೇ ಹಿಡಿಯಬೇಕಾ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಇಲ್ಲಿ ಮೊದಲ ಸಲ ಮನೆ ಕೊಳ್ಳುತ್ತಿದ್ದೇವೆ, ಎರಡು ಬೆಡ್‌ರೂಮಿನ ಲೀಸ್‌ಹೋಲ್ಡ್ ಫ್ಲ್ಯಾಟ್ (ಜಾಗ ಬೇರೆಯವರದು, ಫ್ಲ್ಯಾಟ್ ಇಷ್ಟು ವರ್ಷ ಅಂತ ಲೀಸಿನ ಮೇಲೆ ನಮ್ಮದು). ನಮ್ಮ ಆಫರ್ ಒಪ್ಪಿದ ದಿನವೇ ಏಜೆಂಟ್ ತಮಗೆ ಗೊತ್ತಿರುವ ಒಬ್ಬ ಸಾಲಿಸಿಟರ್ (ಮನೆ ಕೊಳ್ಳುವ ಕಾನೂನು ಕೆಲಸ ನೋಡುವ ವಕೀಲರು) ಹೆಸರು ಕೊಟ್ಟು, ಇವರಾದರೆ ಕೆಲಸ ಬೇಗ ಆಗುತ್ತೆ ಎಂದರು. ಆನ್‌ಲೈನಿನಲ್ಲಿ ಅದಕ್ಕಿಂತ ತುಂಬಾ ಕಮ್ಮಿಗೆ ಸಿಗುತ್ತಾರೆ. ಡೆಪಾಸಿಟ್‌ಗೆ ಮೈಸೂರಿನಿಂದ ಅಪ್ಪ ಸೈಟ್ ಮಾರಿದ ದುಡ್ಡು ಕಳಿಸುತ್ತಿದ್ದಾರೆ. ಯಾರನ್ನು ಹಿಡಿಯೋದು?

ಉತ್ತರ: ಏಜೆಂಟ್ ಹೇಳಿದವರನ್ನೇ ಹಿಡಿಯಬೇಕಿಲ್ಲ. ಏಜೆಂಟಿಗೆ ಫೀಸು ಕೊಡುವವರು ಮನೆ ಮಾರುವವರು, ಮಾರುವವರ ಕೆಲಸ ನೋಡುವುದಕ್ಕೇ ಏಜೆಂಟ್ ಇರೋದು. ನಿಮ್ಮನ್ನು ಕಳಿಸಿದ್ದಕ್ಕೆ ಕಮಿಷನ್ ಬರುತ್ತಾ ಅಂತ ಕೇಳಿಬಿಡಿ, ಬರುತ್ತಿದ್ದರೆ ಅವರು ಅದನ್ನು ನಿಮಗೆ ಹೇಳಲೇಬೇಕು.

ರೇಟು ಮಾತ್ರ ನೋಡಿಯೂ ಹೋಗಬೇಡಿ. 2018ರ ಡಿಸೆಂಬರ್‌ನಿಂದ ಸಾಲಿಸಿಟರ್ ಕಂಪನಿಗಳು ಮನೆ ವ್ಯವಹಾರದ ಫೀಸನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು, ಆದರೂ ಲೀಸ್‌ಹೋಲ್ಡ್‌ಗೆ ಇಷ್ಟು, ಅಪ್ಪ ಗಿಫ್ಟ್ ಆಗಿ ಕೊಡುವ ದುಡ್ಡಿನ ಪರಿಶೀಲನೆಗೆ ಇಷ್ಟು ಅಂತ ಆಮೇಲೆ ಸೇರಿಸುವವರಿದ್ದಾರೆ. ಸರ್ಚ್ ಫೀಸು (ಆ ಮನೆ ಬಗ್ಗೆ ಕೌನ್ಸಿಲ್ ಮುಂತಾದ ಕಡೆ ವಿಚಾರಿಸುವ ಖರ್ಚು), ಲ್ಯಾಂಡ್ ರಿಜಿಸ್ಟ್ರಿ ಫೀಸು (ಮನೆ ನಿಮ್ಮ ಹೆಸರಿಗೆ ನೋಂದಾಯಿಸುವ ಖರ್ಚು), ವ್ಯಾಟ್ ಎಲ್ಲಾ ಸೇರಿ ಎಷ್ಟಾಗುತ್ತೆ ಅಂತ ಬರವಣಿಗೆಯಲ್ಲಿ ತರಿಸಿಕೊಳ್ಳಿ. ನನ್ನ ಫೈಲ್ ಯಾರ ಕೈಯಲ್ಲಿರುತ್ತೆ, ಅವರ ಜೊತೆ ಫೋನಿನಲ್ಲಿ ಮಾತಾಡಬಹುದಾ? ಇದನ್ನು ಮೊದಲೇ ಕೇಳಿ. ಇದಕ್ಕೆ ಸರಿಯಾದ ಉತ್ತರ ಕೊಡದವರನ್ನು ನಾನಂತೂ ಬಿಟ್ಟುಬಿಡುತ್ತೇನೆ. ನಿಮಗೆ ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್‌ನಲ್ಲಿ, ಅಂದರೆ ಬ್ಯಾಂಕ್ ಒಪ್ಪಿರುವವರ ಪಟ್ಟಿಯಲ್ಲಿ, ಆ ಸಾಲಿಸಿಟರ್ ಇದ್ದಾರಾ ಅಂತಲೂ ನೋಡಿ, ಇಲ್ಲದಿದ್ದರೆ ಸಾಲದ ಕಾಗದಪತ್ರಕ್ಕೆ ಇನ್ನೊಬ್ಬರ ಫೀಸು ಬೀಳಬಹುದು. ಸಾಲಿಸಿಟರೇ ಆಗಬೇಕಂತಿಲ್ಲ, ಮನೆ ವ್ಯವಹಾರದ ಕಾನೂನು ಕೆಲಸಕ್ಕೆ ಲೈಸೆನ್ಸ್ ಇರುವ ಕನ್ವೇಯನ್ಸರ್ ಕೂಡ ಈ ಕೆಲಸವನ್ನೇ ಮಾಡುತ್ತಾರೆ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಯೋಚನೆ ಇರೋದು ಅಪ್ಪನ ದುಡ್ಡಿನ ಬಗ್ಗೆ. ನಮ್ಮಲ್ಲಿ ಅಪ್ಪ ಮಗನಿಗೆ ದುಡ್ಡು ಕೊಟ್ಟರೆ ಯಾರೂ ಏನೂ ಕೇಳೋದಿಲ್ಲ, ಅಲ್ವಾ? ಅಲ್ಲಿ ಹಾಗಲ್ಲ. ಕಪ್ಪುಹಣ ತಡೆಯುವ ಕಾನೂನಿನ ಪ್ರಕಾರ ದುಡ್ಡು ಎಲ್ಲಿಂದ ಬಂತು ಅಂತ ಸಾಲಿಸಿಟರ್ ನೋಡಲೇಬೇಕು. ಸೈಟಿನ ಕ್ರಯಪತ್ರ, ಆ ದುಡ್ಡು ಅಪ್ಪನ ಖಾತೆಗೆ ಬಂದ ಸ್ಟೇಟ್‌ಮೆಂಟ್, ಅಪ್ಪನ ಪಾಸ್‌ಪೋರ್ಟ್, ಇದು ಸಾಲ ಅಲ್ಲ, ಮನೆಯಲ್ಲಿ ನನಗೆ ಪಾಲು ಬೇಡ ಅಂತ ಅವರ ಸಹಿ ಇರುವ ಪತ್ರ, ಇಷ್ಟನ್ನು ಈಗಲೇ ಜೋಡಿಸಿಡಿ. ಕ್ರಯಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವನ್ನೂ ಕೇಳಬಹುದು. ಭಾರತದಲ್ಲಿರುವವರು ರಿಸರ್ವ್ ಬ್ಯಾಂಕಿನ ನಿಯಮದಂತೆ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಅದು ಬ್ಯಾಂಕಿನ ಮೂಲಕವೇ ಬರಲಿ. ಭಾರತದಿಂದ ಬಂದ ಗಿಫ್ಟಿನ ಫೈಲುಗಳನ್ನು ನೋಡಿ ಅಭ್ಯಾಸ ಇರುವವರನ್ನೇ ಹುಡುಕಿ, ಸ್ವಲ್ಪ ದುಬಾರಿ ಆದರೂ ಪರವಾಗಿಲ್ಲ. ಅವಸರ ಯಾಕೆ ಅಂದರೆ, ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ (ಎರಡೂ ಕಡೆಯವರು ಸಹಿ ಮಾಡಿದ ಕರಾರು ಬದಲಾಯಿಸಿಕೊಂಡು ವ್ಯವಹಾರ ಪಕ್ಕಾ ಆಗೋದು) ಆಗುವವರೆಗೆ ಮಾರುವವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಕಾಗದಕ್ಕಾಗಿ ವಾರಗಟ್ಟಲೆ ಕಾಯುತ್ತಾ ಕೂತರೆ ಮನೆ ಕೈತಪ್ಪುತ್ತೆ.

ಫ್ಲ್ಯಾಟ್ ಆದ್ದರಿಂದ ಲೀಸ್ ಇನ್ನೂ ಎಷ್ಟು ವರ್ಷ ಉಳಿದಿದೆ, ಗ್ರೌಂಡ್ ರೆಂಟ್ (ಜಾಗದ ಮಾಲೀಕರಿಗೆ ಕೊಡುವ ಬಾಡಿಗೆ), ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆ ಖರ್ಚು) ಎಷ್ಟು ಅಂತ ಮೊದಲೇ ತಿಳಿದುಕೊಳ್ಳಲು ಸಾಲಿಸಿಟರಿಗೆ ಹೇಳಿ. 80 ವರ್ಷಕ್ಕಿಂತ ಕಮ್ಮಿ ಇದ್ದರೆ ತುಂಬಾ ಹುಷಾರಾಗಿರಿ.

ಇನ್ನೊಂದು ಮಾತು. ಡೆಪಾಸಿಟ್ ಕಳಿಸುವ ಹೊತ್ತಿಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಸಾಲಿಸಿಟರ್ ಹೆಸರಲ್ಲಿ ಈಮೇಲ್ ಬಂದರೆ ನಂಬಬೇಡಿ, ಕಳ್ಳರು ಹೀಗೇ ಕಳಿಸೋದು. ಮೊದಲ ದಿನ ಅವರು ಕೊಟ್ಟ ಫೋನ್ ನಂಬರಿಗೆ ನೀವೇ ಕರೆ ಮಾಡಿ, ಖಾತೆ ನಂಬರನ್ನು ಅವರ ಬಾಯಲ್ಲೇ ಹೇಳಿಸಿಕೊಂಡು, ಆಮೇಲೆ ದುಡ್ಡು ಹಾಕಿ.