ಮೋತಿ ಹೋದ ಮೇಲೆ ಇನ್ನೊಂದು ನಾಯಿ: ಯಾರಿಗಾಗಿ, ಯಾವಾಗ?

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

"ಮಗ ಯುಗಾದಿಗಿ ಲ್ಯಾಬ್ರಡಾರ್ ಮರಿ ತರ್ಲತ್ತಾನ್ರಿ ಮೇಡಂ. ನಂಗ ಬ್ಯಾಡಾಗ್ಯಾದ. ಅವಗ ಹ್ಯಾಂಗ ಹೇಳ್ಲಿ?"

ಆಪ್ತಸಲಹೆಗೆ ನನ್ನ ಹತ್ತಿರ ಬಂದಿದ್ದ, ಕಲಬುರಗಿಯಲ್ಲಿ ಒಬ್ಬರೇ ಇರುವ, ಅರವತ್ತು ದಾಟಿದ ಈ ತಾಯಿಯನ್ನು ಇಲ್ಲಿ ಮಹಾದೇವಿ ಎಂದು ಕರೆಯುತ್ತೇನೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹನ್ನೊಂದು ವರ್ಷ ಸಾಕಿದ ಮೋತಿ ಸತ್ತು ಆಗ ತಿಂಗಳೂ ಆಗಿರಲಿಲ್ಲ. ಅಷ್ಟರಲ್ಲಿ ಮಗ ಮರಿಗೆ ಮುಂಗಡ ಕೊಟ್ಟಾಗಿತ್ತು.

ಮರಿ ಬೇಕೋ ಬೇಡವೋ ಅನ್ನುವುದನ್ನು ನಾನು ಮೊದಲು ಮಾತಾಡಲಿಲ್ಲ. ಮೋತಿಯ ಕೊನೆಯ ದಿನಗಳನ್ನು ಪೂರ್ತಿ ಹೇಳಿ ಅಂದೆ. ಅವರು ಯಾರ ಹತ್ತಿರವೂ ಹೇಳಿರಲಿಲ್ಲ. ಓಣಿಯವರು "ನಾಯಿ ಸತ್ತಿದ್ದಕ್ಕ ಇಷ್ಟ್ಯಾಕ ಅಳ್ತೀರಿ" ಅಂದಿದ್ದರು. ಮನುಷ್ಯರು ಸತ್ತರೆ ನಮ್ಮಲ್ಲಿ ಜನ ಬಂದು ಕೂರುತ್ತಾರೆ, ಮನೆಗೆ ಅಡುಗೆ ಕಳಿಸುತ್ತಾರೆ, ದಿನ ಮಾಡುತ್ತಾರೆ. ನಾಯಿ ಸತ್ತವರಿಗೆ ಅದ್ಯಾವುದೂ ಇಲ್ಲ. ಸುತ್ತಲಿನವರು ಒಪ್ಪದ ಇಂಥ ದುಃಖದ ಬಗ್ಗೆ ಅಮೆರಿಕದ ಸಂಶೋಧಕ ಕೆನೆತ್ ಡೋಕಾ 1989ರಿಂದಲೇ ಬರೆದಿದ್ದಾರೆ. ಅಳೋಕೆ ಜಾಗ ಸಿಗದೆ ಹೋದರೆ ದುಃಖ ಒಳಗೇ ಕೂತು ಜಾಸ್ತಿ ದಿನ ಕಾಡುತ್ತದೆ. ಅದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಮೋತಿಗೆ ಕಿಡ್ನಿ ಕೆಟ್ಟಿತ್ತು. ನೀರು ಜಾಸ್ತಿ ಕುಡಿಯುತ್ತಿತ್ತು, ಊಟ ಬಿಟ್ಟಿತ್ತು, ವಾಂತಿ ಮಾಡುತ್ತಿತ್ತು. ಕೊನೆಗೆ ಪಶುವೈದ್ಯರು ದಯಾಮರಣದ ಇಂಜೆಕ್ಷನ್ ಮಾತು ತೆಗೆದರು. "ಹೂಂ ಅಂದಾಕಿ ನಾನೇ ಅಲ್ರಿ" ಎಂದು ಹೇಳಿ ಮಹಾದೇವಿ ತುಂಬ ಹೊತ್ತು ಅತ್ತರು.

ಅವರ ಮನಸ್ಸಿನ ದೊಡ್ಡ ಭಾರ ಅದೇ ಆಗಿತ್ತು. "ನಿಮ್ಮ ತಪ್ಪಿಲ್ಲ ಬಿಡಿ" ಅಂದರೆ ಇಂಥ ಭಾರ ಇಳಿಯುವುದಿಲ್ಲ. ಹಾಗಾಗಿ ವಿಷಯವನ್ನೇ ಬಿಡಿಸಿ ಹೇಳಿದೆ. ನಾಯಿಗಳಲ್ಲಿ ಕಿಡ್ನಿಯ ಬಹುಪಾಲು ಕೆಲಸ ನಿಂತ ಮೇಲೆಯೇ ಲಕ್ಷಣ ಎದ್ದು ಕಾಣುತ್ತವೆ. ಮೊದಲೇ ಗೊತ್ತಾಗಲಿಲ್ಲ ಅಂದರೆ ಅದು ನೋಡಿಕೊಂಡವರ ಅಸಡ್ಡೆ ಅಲ್ಲ. ಆ ಇಂಜೆಕ್ಷನ್ ಅರಿವಳಿಕೆ ಔಷಧದ ದೊಡ್ಡ ಪ್ರಮಾಣ. ಮೊದಲು ಪ್ರಜ್ಞೆ ಹೋಗುತ್ತದೆ, ಉಸಿರು ಮತ್ತು ಎದೆಬಡಿತ ನಿಲ್ಲುವುದು ಆಮೇಲೆ. "ಅಂದ್ರ ಅದಕ್ಕ ಗೊತ್ತಾಗಿಲ್ಲೇನ್ರಿ?" ಎಂದು ಕೇಳಿದರು. ಇಲ್ಲ ಅಂದೆ. ಈ ಪ್ರಶ್ನೆಯನ್ನು ಅವರು ವೈದ್ಯರಿಗೆ ಕೇಳಲಾರದೆ ಇಷ್ಟು ದಿನ ಇಟ್ಟುಕೊಂಡಿದ್ದರು. ನಿಮ್ಮ ನಾಯಿಗೆ ಇಂಥ ಹೊತ್ತು ಬಂದರೆ ಈ ಮಾತನ್ನು ಅಲ್ಲೇ, ಆಗಲೇ ವೈದ್ಯರಿಗೆ ಕೇಳಿಬಿಡಿ.

ಮುಂದಿನ ಭೇಟಿಯಲ್ಲಿ ಇನ್ನೊಂದು ಸಂಗತಿ ಹೊರಬಂತು. ಮೋತಿಯನ್ನು ಮನೆಗೆ ತಂದವರು ಅವರ ಯಜಮಾನರು. ಅವರು ತೀರಿಕೊಂಡ ಮೇಲೆ ಮಹಾದೇವಿ ರಾತ್ರಿ ರೊಟ್ಟಿ ಬಡಿಯುತ್ತ ಮೋತಿಯ ಹತ್ತಿರವೇ ಯಜಮಾನರ ಸುದ್ದಿ ಮಾತಾಡುತ್ತಿದ್ದರು. "ಇವತ್ತ ಅವರಿದ್ದಿದ್ರ ಬೈತಿದ್ರು ನೋಡು" ಅಂತ. ಮೋತಿ ಹೋದ ಮೇಲೆ ಮನೆಯಲ್ಲಿ ಆ ಹೆಸರೂ ಕೇಳಿಸದಂತಾಯಿತು. ಅವರು ಅಳುತ್ತಿದ್ದದ್ದು ಇಬ್ಬರಿಗಾಗಿ. ಇದು ಗೊತ್ತಾದ ಮೇಲೆ ಮರಿಯ ಪ್ರಶ್ನೆ ನನಗೆ ಬೇರೆಯಾಗಿಯೇ ಕಂಡಿತು. ಗಂಡನ ನೆನಪಿನ ಜಾಗದಲ್ಲಿ ಎರಡು ತಿಂಗಳ ಮರಿಯನ್ನು ಕೂರಿಸಿದರೆ ಅದು ಆ ತಾಯಿಗೂ ಕಷ್ಟ, ಮರಿಗೂ ಅನ್ಯಾಯ.

ನಾನು ಕೇಳಿದೆ: "ಯಜಮಾನರ ಕುರ್ಚಿ ಮೇಲೆ ಹೊಸ ನಾಯಿ ಹತ್ತಿ ಕೂತರೆ ಏನನಿಸುತ್ತದೆ?"

"ಸಿಟ್ಟು ಬರ್ತದ್ರಿ."

ಈ ಸಿಟ್ಟು ತಪ್ಪಲ್ಲ, ಈಗ ಬೇಡ ಅನ್ನುವುದಕ್ಕೆ ಇದೇ ಸಾಕು ಅಂದೆ.

ಎಷ್ಟು ತಿಂಗಳು ಬಿಡಬೇಕು ಎಂದು ಬಹಳ ಮಂದಿ ಕೇಳುತ್ತಾರೆ. ಅಂಥ ಲೆಕ್ಕ ಇಲ್ಲ. ಕೆಲವರು ವಾರದೊಳಗೆ ತಂದು ಸುಖವಾಗಿದ್ದಾರೆ, ಕೆಲವರು ಎಂದೂ ತರುವುದಿಲ್ಲ. ಎರಡೂ ಸರಿ. ಅಳು ಪೂರ್ತಿ ನಿಲ್ಲಲಿ ಎಂದೂ ಕಾಯಬೇಕಿಲ್ಲ. ನಾನು ನೋಡುವುದು ಒಂದನ್ನೇ: ಹೊಸ ನಾಯಿ ಅಂದಾಗ ಕಣ್ಣ ಮುಂದೆ ಯಾವುದು ಬರುತ್ತದೆ? ಅದೇ ಬಣ್ಣ, ಅದೇ ಹೆಸರು, ಅದೇ ಮುಖ ಬರುತ್ತಿದ್ದರೆ ಇನ್ನೂ ತಡೆಯಿರಿ. ಗುರುತಿಲ್ಲದ ನಾಯಿಯೊಂದು ಚಪ್ಪಲಿ ಕಡಿಯುತ್ತ ಓಡಾಡುವುದು ಬಂದು, ಅದಕ್ಕೆ ನಗುವೂ ಬಂದರೆ ಆಗ ಯೋಚಿಸಬಹುದು. ಮೊದಲ ನಾಯಿ ವಾಂತಿ-ಭೇದಿ ತರುವ ಪಾರ್ವೊ ವೈರಸ್ ರೋಗದಿಂದ ಸತ್ತಿದ್ದರೆ ಮಾತ್ರ ಮನಸ್ಸು ಒಪ್ಪಿದರೂ ಆತುರ ಬೇಡ. ಆ ವೈರಸ್ ಮನೆ, ಅಂಗಳದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಉಳಿಯುತ್ತದೆ. ಲಸಿಕೆ ಪೂರ್ತಿ ಆಗದ ಮರಿಯನ್ನು ಅಲ್ಲಿಗೆ ತರಬಾರದು.

ಮಗನ ಜೊತೆ ವಿಡಿಯೊ ಕರೆಯಲ್ಲಿ ಮಾತಾಡಿದೆ. ಒಳ್ಳೆಯ ಹುಡುಗ. "ಅವ್ವ ಒಬ್ಬಾಕಿನೇ ಇರ್ತಾಳ್ರಿ. ನಂಗ ರಾತ್ರಿ ನಿದ್ದಿ ಹತ್ತಲ್ದು" ಅಂದ. ಅವನ ಚಿಂತೆ ನಿಜ. ಆದರೆ ಅದಕ್ಕೆ ಉತ್ತರ ಮರಿ ಅಲ್ಲ ಅಲ್ವಾ? ಲ್ಯಾಬ್ರಡಾರ್ ಬೆಳೆದರೆ 25ರಿಂದ 35 ಕೆಜಿ ತೂಗುತ್ತದೆ. ಮಂಡಿನೋವಿನ ತಾಯಿ ಅದನ್ನು ಹಿಡಿದು ಅಪ್ಪನ ಕೆರೆಯ ಕಡೆ ಹೇಗೆ ಓಡಾಡಿಸಬೇಕು? ದಿನಕ್ಕೆ ಮೂರು ನಾಲ್ಕು ಸಲ ಊಟ, ನಾಲ್ಕು ತಿಂಗಳಾಗುವವರೆಗೆ ಮೇಲಿಂದ ಮೇಲೆ ಲಸಿಕೆ. ಯುಗಾದಿ ಆದಕೂಡಲೇ ಕಲಬುರಗಿಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ದಟ್ಟ ಕೂದಲಿನ ತಳಿಗೆ ಅದು ದೊಡ್ಡ ಶಿಕ್ಷೆ. ಹಾಗಾದರೆ ನಮ್ಮ ಕಡೆಯ ಮುಧೋಳ ನಾಯಿ ಆಗಬಹುದಾ ಎಂದ. ಬಿಸಿಲು ತಡೆಯುತ್ತದೆ, ನಿಜ. ಆದರೆ ಅದು ಬೇಟೆಗೆ ಓಡುವ ನಾಯಿ. ಸಣ್ಣ ಅಂಗಳದಲ್ಲಿ ಕಟ್ಟಿಹಾಕಿದರೆ ಕೊರಗುತ್ತದೆ.

ಅವನಿಗೆ ಹೇಳಿದ್ದು ಇಷ್ಟು. ಮುಂಗಡ ಹೋದರೂ ಹೋಗಲಿ, ಮರಿ ತರಬೇಡ. ದಿನಾ ಸಂಜೆ ಫೋನ್ ಮಾಡು, ಅಪ್ಪನ ಸುದ್ದಿ ನೀನೇ ತೆಗೆ. ರಾತ್ರಿಯ ಭಯಕ್ಕೆ ಗಟ್ಟಿ ಬಾಗಿಲು ಹಾಕಿಸು, ಪಕ್ಕದ ಮನೆಯವರ ನಂಬರ್ ಇಟ್ಟುಕೋ. ಅಚ್ಚರಿಯ ಉಡುಗೊರೆಯಾಗಿ ನಾಯಿ ಕೊಡುವುದನ್ನು ನಾನು ಯಾರಿಗೂ ಒಪ್ಪುವುದಿಲ್ಲ. ಸಾಕುವವರು ತಾವೇ ಕೇಳಬೇಕು.

ಮಹಾದೇವಿಯವರಿಗೆ ಹೇಳಿದ್ದು ಬೇರೆ. ಮೋತಿಯ ತಟ್ಟೆ, ಬೆಲ್ಟ್ ಎಲ್ಲ ತೆಗೆದುಹಾಕುವ ಅವಸರ ಬೇಡ. ರಾತ್ರಿ ಮೋತಿಯ ಲೆಕ್ಕದಲ್ಲಿ ಕೈತಪ್ಪಿ ಬಡಿಯುವ ಒಂದು ಹೆಚ್ಚಿನ ರೊಟ್ಟಿಯನ್ನು ನಿಲ್ಲಿಸಬೇಕಿಲ್ಲ, ಓಣಿಯ ನಾಯಿಗೆ ಹಾಕಿ. ಊಟ, ನಿದ್ದೆ ಪೂರ್ತಿ ಬಿಟ್ಟುಹೋದರೆ, ಬದುಕೇ ಬೇಡ ಅನಿಸಿದರೆ ತಡ ಮಾಡದೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

"ಮುಂದ ಎಂದಾರ ಬೇಕನಿಸಿದ್ರ?" ಎಂದು ಕೇಳಿದ್ದರು. ಅವರ ಭಯ ಬೇರೆಯೇ ಇತ್ತು: ನಾನೇ ಮೊದಲು ಹೋದರೆ ನಾಯಿ ಗತಿ ಏನು? ಈ ವಯಸ್ಸಿಗೆ ಇದು ಸರಿಯಾದ ಪ್ರಶ್ನೆ. ಮರಿ ಬೇಡ, ನಾಲ್ಕೈದು ವರ್ಷ ದಾಟಿದ, ಸ್ವಭಾವ ಗೊತ್ತಿರುವ ನಾಯಿ ನೋಡಿ ಅಂದೆ. ಅದಕ್ಕೂ ಮೊದಲು, ನಿಮಗೆ ಹುಷಾರಿಲ್ಲದಾಗ ನಾಯಿಯನ್ನು ನೋಡಿಕೊಳ್ಳುವವರು ಯಾರು ಎಂದು ಯೋಚಿಸಿ, ಅವರನ್ನೇ ಕೇಳಿ ಗಟ್ಟಿ ಮಾಡಿಕೊಳ್ಳಿ ಅಂದೆ.

"ಈ ವರ್ಷ ಬ್ಯಾಡಪ್ಪ" ಎಂದು ಮಗನಿಗೆ ಅವರೇ ಹೇಳಿದರು. ಮಳೆಗಾಲದ ಹೊತ್ತಿಗೆ, ರೊಟ್ಟಿ ತಿನ್ನುತ್ತಿದ್ದ ಓಣಿಯ ಹೆಣ್ಣುನಾಯಿಗೆ ರೇಬಿಸ್ ಲಸಿಕೆ ಹಾಕಿಸಿ, ಮರಿಯಾಗದಂತೆ ಆಪರೇಷನ್ ಮಾಡಿಸಲು ತಾವೇ ಓಡಾಡಿದರು. ಗಾಯ ಒಣಗುವವರೆಗೆ ಅಂಗಳದಲ್ಲೇ ಇಟ್ಟುಕೊಳ್ಳಿ ಎಂದು ಪಶುವೈದ್ಯರು ಹೇಳಿದ್ದಾರೆ. ಇಟ್ಟುಕೊಂಡಿದ್ದಾರೆ. ಆಮೇಲೆ ಓಣಿಗೆ ಬಿಡುವುದೋ, ಮನೆಯಲ್ಲೇ ಉಳಿಸಿಕೊಳ್ಳುವುದೋ ಎಂದು ಮಗ ಕೇಳಿದನಂತೆ. ಈಗಲೇ ಕೇಳಬೇಡ ಅಂತ ಅವನಿಗೆ ಹೇಳಿದ್ದೇನೆ.