ಪವರ್ ಬ್ಯಾಂಕ್ ಹಾಕಿದರೆ ಡ್ಯಾಕ್‌ನ ಜ್ಝ್ ಸದ್ದು ಹೋಗುತ್ತದೆ. ಎಲ್‌ಎಂ317 ವೋಲ್ಟೇಜ್ ರೆಗ್ಯುಲೇಟರ್ ತೆಗೆದು ಎಲ್‌ಟಿ3045 ಹಾಕಬೇಕಾ?

ಬೇಡ. ಆರ್ಡರ್ ಮಾಡಿದ್ದರೆ ಕ್ಯಾನ್ಸಲ್ ಮಾಡಿ.

ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಅದರ ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಪಿಸಿಎಂ5102 ಡ್ಯಾಕ್, ಎರಡಕ್ಕೂ ಸೇರಿ ನೀವೇ ಕೂತು ಮಾಡಿದ ಒಂದು ಲೀನಿಯರ್ ಸಪ್ಲೈ (ಟ್ರಾನ್ಸ್‌ಫಾರ್ಮರ್ ಇಟ್ಟು, ಸ್ವಿಚಿಂಗ್ ಇಲ್ಲದೆ ಪವರ್ ಕೊಡುವಂಥದ್ದು). ಹಾಡು ನಿಂತ ಕಡೆ ಜ್ಝ್. ಡ್ಯಾಕ್‌ಗೆ ಮಾತ್ರ ಪವರ್ ಬ್ಯಾಂಕ್‌ನಿಂದ ಕೊಟ್ಟರೆ ಸದ್ದೇ ಇಲ್ಲ. ನಿಮ್ಮ ಪ್ರಶ್ನೆ ಓದುವಾಗ ನನ್ನ ಹಳೇ ನೋಟ್‌ಬುಕ್ ಓದಿದ ಹಾಗಾಯಿತು.

ನನ್ನದರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ 9 ವೋಲ್ಟ್ 3 ಆಂಪ್ ಟ್ರಾನ್ಸ್‌ಫಾರ್ಮರ್ ಇತ್ತು. ಅದರ ಮುಂದೆ ಎ.ಸಿ.ಯನ್ನು ಡಿ.ಸಿ. ಮಾಡುವ ನಾಲ್ಕು ಡಯೋಡ್‌ಗಳ ಬ್ರಿಡ್ಜ್, ಆಮೇಲೆ 4700 ಮೈಕ್ರೋಫ್ಯಾರಡ್ ಕೆಪಾಸಿಟರ್. ಅಲ್ಲಿಂದ ಪೈಗೆ ಎಲ್‌ಎಂ338 ರೆಗ್ಯುಲೇಟರ್, ಡ್ಯಾಕ್‌ಗೆ ಎಲ್‌ಎಂ317. ಅಡ್ಜಸ್ಟ್ ಪಿನ್‌ಗೆ 10 ಮೈಕ್ರೋಫ್ಯಾರಡ್ ಹಾಕಿದರೆ 317 ರಿಪಲ್ (ಡಿ.ಸಿ. ಮೇಲೆ ಉಳಿಯುವ ಏರಿಳಿತ) ತಡೆಯುವುದು ಸುಮಾರು 65 ಡೆಸಿಬೆಲ್‌ನಿಂದ 80ಕ್ಕೆ ಏರುತ್ತದೆ. ಅದನ್ನೂ ಹಾಕಿದ್ದೆ. ಆದರೂ ಜ್ಝ್.

ಪವರ್ ಬ್ಯಾಂಕ್ ಇಟ್ಟು ನೋಡಿದೆ. ಸದ್ದು ಮಾಯ. ಕಳ್ಳ ಸಿಕ್ಕಿದ ಅಂದುಕೊಂಡೆ. 317 ಕಿತ್ತು ಎಲ್‌ಟಿ3045 ಬೋರ್ಡ್ ತರಿಸಿದೆ. ಅದರ ನಾಯ್ಸ್ ಬರೀ 0.8 ಮೈಕ್ರೋವೋಲ್ಟ್, ಗೊತ್ತಲ್ಲ. ಜ್ಝ್ ಕೂದಲೆಳೆಯಷ್ಟೂ ಕಮ್ಮಿಯಾಗಲಿಲ್ಲ. ನಕಲಿ ಚಿಪ್ ಕಳಿಸಿದ್ದೀರಿ ಅಂತ ಮಾರಿದವರ ಜೊತೆ ಜಗಳ ಬೇರೆ ಆಡಿದೆ, ಪಾಪ ಅವರದ್ದೇನೂ ತಪ್ಪಿರಲಿಲ್ಲ. ಬೇರೆ ಕಡೆಯಿಂದ ಇನ್ನೊಂದು ತರಿಸಿದೆ. ಡ್ಯಾಕ್ ಬೋರ್ಡ್ ಮೇಲಿದ್ದ ಪುಟ್ಟ ರೆಗ್ಯುಲೇಟರ್ ಬಿಚ್ಚಿ ನೇರ 3.3 ವೋಲ್ಟ್ ಕೊಡಲು ಹೋದೆ. ತಾಮ್ರದ ಪ್ಯಾಡೇ ಎದ್ದು ಬಂತು, ಹೊಸ ಡ್ಯಾಕ್ ತಗೊಂಡೆ. ಆಮೇಲೆ ಕೆಪಾಸಿಟರ್ ಸಾಲಲಿಲ್ಲವೇನೋ ಅಂತ 10,000ಕ್ಕೆ ಏರಿಸಿದೆ. ಸದ್ದು ಇನ್ನೂ ಜೋರಾಯಿತು! ಕೆಪಾಸಿಟರ್ ದೊಡ್ಡದಾದರೆ ರಿಪಲ್ ಕಮ್ಮಿಯಾಗಬೇಕು, ಸದ್ದು ಹೇಗೆ ಜಾಸ್ತಿಯಾಗುತ್ತದೆ? ಅಲ್ಲಿ ನಿಂತು ಯೋಚಿಸುವುದು ಬಿಟ್ಟು ಟೊರಾಯ್ಡ್ ಟ್ರಾನ್ಸ್‌ಫಾರ್ಮರ್ ಹುಡುಕಿಕೊಂಡು ಹೋದೆ.

ಕೊನೆಗೆ ಡಬ್ಬಿಯನ್ನು ನಮ್ಮ ಕಡೆ ಆಂಪ್ಲಿಫೈಯರ್ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಸಪ್ಲೈ ಆನ್ ಮಾಡಿ, ಮಲ್ಟಿಮೀಟರ್ ಅನ್ನು ಎ.ಸಿ. ಮಿಲಿವೋಲ್ಟ್‌ಗೆ ತಿರುಗಿಸಿದರು. ಒಂದು ಮೊನೆ ಬ್ರಿಡ್ಜ್‌ನ ಮೈನಸ್‌ಗೆ, ಇನ್ನೊಂದು ಕೆಪಾಸಿಟರ್‌ನ ಮೈನಸ್‌ಗೆ. ಎರಡನ್ನೂ ಸೇರಿಸಿದ್ದು ಒಂದು ಗೇಣಿಗಿಂತ ಚಿಕ್ಕ ವೈರು. ಸೊನ್ನೆ ಬರಬೇಕು ಅಲ್ವಾ? ಹದಿನೈದರ ಆಸುಪಾಸು ತೋರಿಸಿತು.

"ಇದೇನಪ್ಪಾ, 3045ರ ಮೈನಸ್ ತಂದು ಬ್ರಿಡ್ಜ್‌ಗೆ ಕೊಟ್ಟಿದ್ದೀಯ?"

"ಹತ್ತಿರ ಇತ್ತು ಸಾರ್. ಎಲ್ಲಾ ಒಂದೇ ಗ್ರೌಂಡ್ ತಾನೇ?"

"ಡ್ರಾಯಿಂಗ್‌ನಲ್ಲಿ ಒಂದೇ."

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ದುಡ್ಡೆಲ್ಲ ಹೋಗಿದ್ದು ಇಲ್ಲೇ.

ಟ್ರಾನ್ಸ್‌ಫಾರ್ಮರ್ ಕೆಪಾಸಿಟರ್‌ಗೆ ಕರೆಂಟನ್ನು ಒಂದೇ ಸಮ ತುಂಬುವುದಿಲ್ಲ. ಎ.ಸಿ. ಅಲೆ ತುದಿಗೆ ಏರಿದ ಆ ಕ್ಷಣದಲ್ಲಿ ಮಾತ್ರ ಡಯೋಡ್ ತೆರೆಯುತ್ತದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಬ್ರಿಡ್ಜ್ ಇರುವುದರಿಂದ ಸೆಕೆಂಡಿಗೆ 100 ಸಲ. ಪೈ ಎಳೆಯುವುದು 1 ಆಂಪ್ ಆದರೂ ಆ ಕ್ಷಣದ ಏಟು 4-5 ಆಂಪ್ ಇರುತ್ತದೆ. ಹತ್ತು ಸೆಂಟಿಮೀಟರ್ ಉದ್ದದ, 0.2 ಚದರ ಮಿಲಿಮೀಟರ್‌ನ ತೆಳು ವೈರಿನ ರೆಸಿಸ್ಟನ್ಸ್ ಸುಮಾರು 9 ಮಿಲಿಓಮ್. 5 ಆಂಪ್ ಹರಿದರೆ 40 ಮಿಲಿವೋಲ್ಟ್ ದಾಟುತ್ತದೆ. ಅಂದರೆ ಆ ವೈರಿನ ಎರಡು ತುದಿಗಳು ಒಂದೇ ಗ್ರೌಂಡ್ ಅಲ್ಲವೇ ಅಲ್ಲ.

ಈಗ ನನ್ನ ಡ್ಯಾಕ್ ನೋಡಿ. ಅದರ ಮೈನಸ್ಸು 3045ರ ಮೂಲಕ ಬ್ರಿಡ್ಜ್ ತುದಿಗೆ ಸೇರಿತ್ತು. ಪೈನಿಂದ ಡ್ಯಾಕ್‌ಗೆ ಹಾಡು ಒಯ್ಯುವ ಐ2ಎಸ್ ವೈರುಗಳ ಜೊತೆ ಬರುವ ಗ್ರೌಂಡ್ ವೈರು ಪೈ ಮೂಲಕ ಕೆಪಾಸಿಟರ್ ತುದಿಗೂ ಸೇರಿತ್ತು. ಮೋರಿ ತುಂಬಿದರೆ ನೀರು ಅಂಗಳಕ್ಕೂ ನುಗ್ಗುತ್ತದೆ. ಆ ಏಟುಗಳಲ್ಲಿ ಒಂದು ಪಾಲು ಈ ಗ್ರೌಂಡ್ ವೈರು ಹಿಡಿದು, ಡ್ಯಾಕ್ ಬೋರ್ಡಿನ ತಾಮ್ರದ ಮೇಲೆ ಹಾದು, ಬ್ರಿಡ್ಜ್‌ಗೆ ವಾಪಸ್ ಹೋಗುತ್ತಿತ್ತು. ದಾರಿಯಲ್ಲಿ ಚಿಪ್ಪಿನ ಗ್ರೌಂಡಿಗೂ ಔಟ್‌ಪುಟ್ ಜಾಕ್‌ನ ಗ್ರೌಂಡಿಗೂ ನಡುವೆ ವ್ಯತ್ಯಾಸ ಹುಟ್ಟುತ್ತದೆ. ಆಂಪ್ಲಿಫೈಯರ್‌ಗೆ ಅದೂ ಸಂಗೀತವೇ. ಕೆಪಾಸಿಟರ್ ದೊಡ್ಡದು ಮಾಡಿದಾಗ ಡಯೋಡ್ ತೆರೆದಿರುವ ಹೊತ್ತು ಇನ್ನೂ ಕಮ್ಮಿಯಾಗುತ್ತದೆ, ಏಟು ಇನ್ನೂ ಚೂಪಾಗುತ್ತದೆ. ಸದ್ದು ಜೋರಾಗಿದ್ದು ಅದಕ್ಕೇ. ಇದರಲ್ಲಿ ರೆಗ್ಯುಲೇಟರ್‌ನ ಪಾತ್ರವೇ ಇಲ್ಲ.

ಇನ್ನು ನಿಮ್ಮ ಪವರ್ ಬ್ಯಾಂಕ್. ಅದರೊಳಗೆ 3.7 ವೋಲ್ಟ್ ಸೆಲ್ ಇರುತ್ತದೆ, ಅದನ್ನು 5 ವೋಲ್ಟ್‌ಗೆ ಏರಿಸುವ ಸ್ವಿಚಿಂಗ್ ಸರ್ಕ್ಯೂಟ್ ಇರುತ್ತದೆ. ಹತ್ತಾರು ಮಿಲಿವೋಲ್ಟ್ ರಿಪಲ್ ಅದಕ್ಕೆ ಮಾಮೂಲು. ನಿಮ್ಮ 317ಗಿಂತ ಎಷ್ಟೋ ಪಾಲು ಗಲೀಜು. ಗಲೀಜು ಸಪ್ಲೈ ಹಾಕಿದರೆ ಸದ್ದು ಹೋಗುತ್ತದೆ, ಶುದ್ಧದ್ದು ಹಾಕಿದರೆ ಬರುತ್ತದೆ. ಹಾಗಿದ್ದ ಮೇಲೆ ಶುದ್ಧ ಅಶುದ್ಧದ ಪ್ರಶ್ನೆ ಎಲ್ಲಿ ಬಂತು? ಪವರ್ ಬ್ಯಾಂಕ್ ಮಾಡಿದ್ದು ಇಷ್ಟೇ: ಡ್ಯಾಕ್‌ನ ಎರಡು ಗ್ರೌಂಡ್ ದಾರಿಗಳಲ್ಲಿ ಒಂದನ್ನು ಕತ್ತರಿಸಿತು. 'ಬ್ಯಾಟರಿಯೇ ಶ್ರೇಷ್ಠ' ಅನ್ನುವವರಲ್ಲಿ ಅರ್ಧ ಜನ ಇದನ್ನೇ ಕೇಳಿ ಮೋಸಹೋಗಿದ್ದಾರೆ ಅನ್ನುವುದು ನನ್ನ ಗುಮಾನಿ.

ನೀವು ಮಾಡಬೇಕಾದ್ದು: ಬ್ರಿಡ್ಜ್‌ನಿಂದ ಕೆಪಾಸಿಟರ್‌ಗೆ ದಪ್ಪ, ಗಿಡ್ಡ ವೈರು. ಆ ವೈರಿಗೆ ಬೇರೆ ಯಾವುದನ್ನೂ ಬೆಸೆಯಬೇಡಿ. ಎಲ್ಲಾ ರೆಗ್ಯುಲೇಟರ್‌ಗಳ ಮೈನಸ್ಸು ಕೆಪಾಸಿಟರ್ ದಾಟಿದ ಮೇಲೆ ಒಂದು ಜಾಗದಿಂದ ಹೊರಡಲಿ. ನನ್ನದು ಇಷ್ಟಕ್ಕೇ ಸರಿಹೋಯಿತು, ಕಿತ್ತಿದ್ದ ಹಳೇ 317 ಮತ್ತೆ ಹಾಕಿಕೊಂಡೇ.

ಇನ್ನೊಂದು ಮಾತು, ಬೈಕೊಳ್ಳಬೇಡಿ. ಪೈಗೆ ಲೀನಿಯರ್ ಸಪ್ಲೈ ಸುಮ್ನೆ ದಂಡ. 9 ವೋಲ್ಟ್ ಎ.ಸಿ. ಅಂದರೆ ಕೆಪಾಸಿಟರ್ ಮೇಲೆ 11 ವೋಲ್ಟ್ ನಿಲ್ಲುತ್ತದೆ. ಅದನ್ನು 5ಕ್ಕೆ ಇಳಿಸಿದರೆ 1 ಆಂಪ್‌ಗೆ 6 ವ್ಯಾಟ್ ಹೀಟ್‌ಸಿಂಕ್‌ನಲ್ಲಿ ಸುಟ್ಟುಹೋಗುತ್ತದೆ. ಇಷ್ಟು ಮಾಡಿ ಕೊಟ್ಟ 5 ವೋಲ್ಟನ್ನು ಪೈ ತನ್ನದೇ ಸ್ವಿಚಿಂಗ್ ಸರ್ಕ್ಯೂಟ್‌ಗಳಿಂದ ಕತ್ತರಿಸಿ ಒಳಗೆ ಹಂಚಿಕೊಳ್ಳುತ್ತದೆ. ವೈರಿನಲ್ಲಿ ವೋಲ್ಟೇಜ್ ಬಿದ್ದು 4.63ಕ್ಕಿಂತ ಕೆಳಗೆ ಹೋದರೆ ಮಿಂಚಿನ ಗುರುತು ತೋರಿಸಿ ಗೋಳಾಡುವುದು ಬೇರೆ. ಪೈಗೆ ಅದರದೇ 5.1 ವೋಲ್ಟ್ ಅಡಾಪ್ಟರ್ ಕೊಡಿ. ಡ್ಯಾಕ್‌ಗೆ ಮಾತ್ರ ಪುಟ್ಟ ಲೀನಿಯರ್ ಸಪ್ಲೈ ಇರಲಿ. ಡ್ಯಾಕ್ ಎಳೆಯುವುದು ಕೆಲವೇ ಹತ್ತು ಮಿಲಿಆಂಪ್, ಅದರ ಏಟುಗಳೂ ಅಷ್ಟೇ ಚಿಕ್ಕವು.

ಮೈಕ್ರೋವೋಲ್ಟ್ ಲೆಕ್ಕವನ್ನೂ ಮುಗಿಸಿಬಿಡೋಣ. ಪಿಸಿಎಂ5102 ಕೊಡುವುದು 2.1 ವೋಲ್ಟ್, ಡೈನಾಮಿಕ್ ರೇಂಜ್ 112 ಡೆಸಿಬೆಲ್. ಅಂದರೆ ಚಿಪ್ಪಿನ ಸ್ವಂತ ನಾಯ್ಸೇ 5 ಮೈಕ್ರೋವೋಲ್ಟ್ ಹತ್ತಿರ ಇದೆ. ಮೇಲಾಗಿ ಆ ಅಗ್ಗದ ಬೋರ್ಡ್ ಮೇಲೆ ಆಗಲೇ ಒಂದು ರೆಗ್ಯುಲೇಟರ್ ಕೂತಿದೆ, ನಿಮ್ಮ 3045ರ ಕರೆಂಟು ಅದರ ಮೂಲಕವೇ ಚಿಪ್ಪಿಗೆ ಹೋಗಬೇಕು. ಖರ್ಚು ಮಾಡಲೇಬೇಕು ಅನ್ನಿಸಿದರೆ ಕ್ಲಾಕ್‌ಗೆ, ಅಂದರೆ ಡ್ಯಾಕ್‌ಗೆ ತಾಳ ಹಾಕುವ ಗಡಿಯಾರಕ್ಕೆ ಮಾಡಿ. ಪೈ 4ರ ಒಳಗಿರುವುದು 54 ಮೆಗಾಹರ್ಟ್ಸ್ ಕ್ರಿಸ್ಟಲ್, ಅದರಿಂದ ಸಿ.ಡಿ. ಹಾಡಿನ 44.1 ಕಿಲೋಹರ್ಟ್ಸ್ ಸಮನಾಗಿ ಭಾಗವಾಗುವುದಿಲ್ಲ. 22.5792 ಮತ್ತು 24.576 ಮೆಗಾಹರ್ಟ್ಸ್‌ನ ಎರಡು ಕ್ರಿಸ್ಟಲ್ ಇಟ್ಟುಕೊಂಡು, ತಾನೇ ಮಾಸ್ಟರ್ ಆಗಿ ಪೈಗೆ ಕ್ಲಾಕ್ ಕೊಡುವ ಪಿಸಿಎಂ5122 ಬೋರ್ಡ್‌ಗಳು ಸಿಗುತ್ತವೆ. 3045ರಂಥ ಚಿಪ್ಪನ್ನು ಆ ಕ್ರಿಸ್ಟಲ್‌ಗಳಿಗೆ ಹಾಕಿದರೆ ಅದಕ್ಕೊಂದು ಅರ್ಥವಿದೆ.

ಇಷ್ಟೆಲ್ಲ ನಿಮ್ಮದು ಚೂಪಾದ ಜ್ಝ್ ಆಗಿದ್ದರೆ. ಬದಲಿಗೆ ದಪ್ಪ ದನಿಯ ಗುಂಯ್ ಆಗಿದ್ದರೆ ಅದು 50 ಹರ್ಟ್ಸ್, ಕಥೆ ಬೇರೆ. ಟ್ರಾನ್ಸ್‌ಫಾರ್ಮರ್ ಅನ್ನು ಡ್ಯಾಕ್‌ನಿಂದ ದೂರ ಸರಿಸಿ, ಸ್ವಲ್ಪ ತಿರುಗಿಸಿಯೂ ನೋಡಿ. ಆಂಪ್ಲಿಫೈಯರ್ ಮತ್ತು ಡ್ಯಾಕ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಿ. ಆದರೆ ಪ್ಲಗ್ಗಿನ ಮೂರನೇ ಪಿನ್ ಕತ್ತರಿಸಿದರೆ ಗುಂಯ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಮಾತ್ರ ಕೇಳಬೇಡಿ. ಹೋಗುತ್ತದೆ, ನಿಜ. ಆದರೆ ಟ್ರಾನ್ಸ್‌ಫಾರ್ಮರ್ ಒಳಗೆ ಶಾರ್ಟ್ ಆದ ದಿನ 230 ವೋಲ್ಟ್ ನಿಮ್ಮ ಲೋಹದ ಡಬ್ಬಿಗೆ ಬರುತ್ತದೆ. ಡಬ್ಬಿಗೆ ಅರ್ತಿಂಗ್, ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಗೆ (230 ವೋಲ್ಟ್ ಕಡೆಗೆ) ಫ್ಯೂಸ್, ಎರಡೂ ಇರಲೇಬೇಕು. ಹಳೇ ಮನೆಯಾದರೆ ಗೋಡೆಯ ಸಾಕೆಟ್‌ನಲ್ಲಿ ಅರ್ತ್ ವೈರು ನಿಜವಾಗಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಮೊದಲು ನೋಡಿಸಿ.